ತಾಯಿಯ ಹರಕೆ, ಮಗನ ರಾತ್ರಿ

ಸಿವಿಲ್ ಐಡಿ ಎಂಬ ಗುರುತಿನ ಕಾರ್ಡು ಕಳೆದದ್ದು ಮಂಗಳವಾರ, ಸಿಕ್ಕಿದ್ದು ಗುರುವಾರ. ನಡುವಿನ ಎರಡು ದಿನ ಆ ಹುಡುಗ ಕುವೈತ್‌ನ ಮಹಬೂಲಾದ ತನ್ನ ಕೋಣೆಯ ಹಾಸಿಗೆ, ಬಟ್ಟೆ ಗಂಟು, ಕಸದ ಬುಟ್ಟಿ ಎಲ್ಲವನ್ನೂ ಮಗುಚಿ ಹಾಕಿ ಹುಡುಕಿದ್ದ. ಬುಧವಾರ ರಾತ್ರಿ ಬೆಳ್ತಂಗಡಿಯಲ್ಲಿರುವ ತಾಯಿಗೆ ಫೋನ್ ಮಾಡಿ, ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಳ್ಳುವಂತೆ ಕೇಳಿಕೊಂಡ. ಬೆಳಗಾದಾಗ ಕಾರ್ಡು ಗೆಳೆಯನ ಕಾರಿನ ಸೀಟಿನ ಸಂದಿಯಲ್ಲಿತ್ತು. ಚಕ್ಕುಲಿ, ವೀಳ್ಯ, ಶೇಂದಿ ಅಜ್ಜನಿಗೆ ಸಲ್ಲಬೇಕು. ಕುವೈತ್‌ನಲ್ಲಿ ಮದ್ಯಕ್ಕೆ ನಿಷೇಧವಿರುವುದರಿಂದ ಹರಕೆ ತೀರಿಸುವ ಹೊಣೆ ತಾಯಿಯದೇ.

ಜನವರಿಯ ಆ ಶುಕ್ರವಾರ ಫೈಲಕಾ ದ್ವೀಪಕ್ಕೆ ಹೊರಟ ಬೋಟಿನಲ್ಲಿ ಊರಿನವರು ಮೂವತ್ತು ಮಂದಿ ಇದ್ದರು. ಹುಡುಗ ಈ ಕತೆಯನ್ನು ಎಲ್ಲರಿಗೂ ಹೇಳಿದ. ಕೆಲವರು ಕೈಮುಗಿದರು, ಕೆಲವರು ಸೀಟಿನ ಸಂದಿಯನ್ನು ಮೊದಲೇ ನೋಡಬಹುದಿತ್ತು ಎಂದರು. ಮಾತು ಹತ್ತು ನಿಮಿಷದಲ್ಲಿ ಮೀನಿನ ದರಕ್ಕೆ ಹೊರಳಿತು. ಇಬ್ಬರಿಗೆ ಮಾತ್ರ ಅದನ್ನು ಅಲ್ಲಿಗೇ ಬಿಡಲಾಗಲಿಲ್ಲ.

ಒಬ್ಬರು ಕಾಪು ಕಡೆಯ ಹಿರಿಯರು. ಮನೆಮಾತು ತುಳು, ಹಾಗಾಗಿ ಕನ್ನಡ ಅರ್ಧ ಶಾಲೆಯದು, ಅರ್ಧ ಕರಾವಳಿಯದು. 1983ರಲ್ಲಿ ಶುವೈಖ್‌ನ ಗ್ಯಾರೇಜೊಂದರಲ್ಲಿ ಸ್ಟೋರ್ ನೋಡಿಕೊಳ್ಳಲು ಬಂದವರು. ಇನ್ನೊಬ್ಬಳು ಹಾವೇರಿ ಜಿಲ್ಲೆಯ ನರ್ಸ್. ಹನ್ನೊಂದು ವರ್ಷದಿಂದ ಇಲ್ಲಿ, ಈಗ ಐಸಿಯುನಲ್ಲಿ ಕೆಲಸ. ಅವಳು ಅವರನ್ನು ಕಾಕಾ ಎನ್ನುತ್ತಾಳೆ.

"ಕಾಕಾ, ನೀವು ಏನೂ ಅನ್ನಲಿಲ್ಲ" ಎಂದಳು ಅವಳು. "ಆ ಹುಡುಗಗ ಆಗಿದ್ದು ಅನುಭವ ಏನ್ರಿ, ನಂಬಿಕಿ ಏನ್ರಿ?"

"ಕಾರ್ಡು ಸಿಕ್ಕಿದ್ದು ಅನುಭವ. ಅಜ್ಜ ಕೊಟ್ಟದ್ದು ಅನ್ನುವುದು ನಂಬಿಕೆ. ಎರಡರ ನಡುವೆ ಸೀಟಿನ ಸಂದಿಯಷ್ಟು ಜಾಗ ಉಂಟು. ಅದನ್ನು ನಾವು ಯಾರೂ ನೋಡುವುದಿಲ್ಲ."

"ಅಂದ್ರ ನೀವು ನಂಬಂಗಿಲ್ಲ?"

"ನಾನು ನಂಬುವುದು ಬಿಡುವುದು ಬೇರೆ. ನನಗೂ ಒಂದು ಆಗಿದೆ, 1990ರಲ್ಲಿ. ಅದನ್ನು ಹೇಳಿ ಹೇಳಿ ಬೇಜಾರಾಗಿ ಹೇಳುವುದನ್ನೇ ಬಿಟ್ಟೆ."

ಅಷ್ಟರಲ್ಲಿ ಬೋಟು ದಡ ಮುಟ್ಟಿತು.

ಕುವೈತ್ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಫೈಲಕಾ ಚಿಕ್ಕ ದ್ವೀಪ. ಆದರೆ ದೇವರುಗಳು ಇಲ್ಲಿ ಬಂದುಹೋದಷ್ಟು ಈ ಕೊಲ್ಲಿಯಲ್ಲಿ ಬೇರೆಲ್ಲೂ ಕಾಣಲಿಕ್ಕಿಲ್ಲ. ನಾಲ್ಕು ಸಾವಿರ ವರ್ಷದ ಹಿಂದೆ ಇದು ದಿಲ್ಮುನ್ ನಾಗರಿಕತೆಯ ತಾಣ. ಇನ್ಝಾಕ್ ಎಂಬ ದೇವರಿಗೆ ಇಲ್ಲಿ ಪೂಜೆಯಿತ್ತು. 1958ರಿಂದ ಡೆನ್ಮಾರ್ಕಿನ ತಜ್ಞರು ನಡೆಸಿದ ಉತ್ಖನನದಲ್ಲಿ ಆ ಕಾಲದ ಮುದ್ರೆಗಳು ನೂರಾರು ಸಿಕ್ಕವು. ಅಲೆಗ್ಸಾಂಡರನ ಕಾಲದ ನಂತರ ಬಂದ ಗ್ರೀಕರು ದ್ವೀಪವನ್ನು ಇಕಾರೋಸ್ ಎಂದು ಕರೆದು, ಕೋಟೆಯನ್ನೂ ಅದರೊಳಗೆ ದೇಗುಲವನ್ನೂ ಕಟ್ಟಿದರು. ದ್ವೀಪದ ನಡುವೆ ಅಲ್-ಕುಸೂರ್ ಎಂಬಲ್ಲಿ ಹಳೆಯ ಕ್ರೈಸ್ತ ಇಗರ್ಜಿಯ ಪಾಯ ಸಿಕ್ಕಿದೆ. ಹಿಂದೆ ಕಡಲ ಬದಿಯಲ್ಲಿ ಖಿದ್ರ್ ಎಂಬ ಸಂತನ ಹೆಸರಿನ ಪುಟ್ಟ ಕಟ್ಟಡವೊಂದಿತ್ತು. ಮಕ್ಕಳಾಗದ ಹೆಂಗಸರು ಹರಕೆ ಹೊತ್ತು ದೋಣಿ ಹತ್ತಿ ಬರುತ್ತಿದ್ದರು. ಇಂಥ ಹರಕೆ ಧರ್ಮಕ್ಕೆ ಸಲ್ಲದ್ದು ಎಂದವರು ಅದನ್ನು ಕೆಡವಿದರು.

ಇವೆಲ್ಲದರ ಮೇಲೆ 1990ರ ಗಾಯ. ಇರಾಕಿ ಸೈನ್ಯ ದ್ವೀಪದ ಜನರನ್ನು ಹೊರಗಟ್ಟಿತು. ಯುದ್ಧ ಮುಗಿದ ಮೇಲೂ ಬಹುತೇಕರು ಮರಳಲಿಲ್ಲ. ಗುಂಡಿನ ತೂತು ಬಿದ್ದ ಮನೆ ಗೋಡೆಗಳು ಹಾಗೆಯೇ ನಿಂತಿವೆ. ಅಂಥ ಒಂದು ಗೋಡೆಯ ನೆರಳಿನಲ್ಲಿ ಹಿರಿಯರು ಕೂತರು, ನರ್ಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು.

"ಹೇಳ್ರಿ" ಎಂದಳು.

1990ರ ಆಗಸ್ಟ್ 2, ಗುರುವಾರ. ಬೆಳಗಾಗುವ ಮೊದಲೇ ಟ್ಯಾಂಕುಗಳು ನಗರದೊಳಗಿದ್ದವು. ಹೊರದೇಶದ ಫೋನ್ ಸಂಪರ್ಕ ಕಡಿದುಹೋಯಿತು. ಆಗ ಕುವೈತ್‌ನಲ್ಲಿದ್ದ ಭಾರತೀಯರು 1 ಲಕ್ಷ 70 ಸಾವಿರದಷ್ಟು. ಬಾಂಗ್ಲಾದೇಶ, ಶ್ರೀಲಂಕಾ, ಫಿಲಿಪ್ಪೀನ್ಸ್, ಈಜಿಪ್ಟಿನವರೂ ಒಟ್ಟು ಸೇರಿ ಲಕ್ಷಗಟ್ಟಲೆ. ಒಂದು ತಿಂಗಳು ಗ್ಯಾರೇಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದ, ಹಿರಿಯರೂ ಸೇರಿದಂತೆ ಆರು ಮಂದಿ, ಸೆಪ್ಟೆಂಬರಿನಲ್ಲಿ ಕೈಲಿದ್ದದ್ದನ್ನೆಲ್ಲ ಕೊಟ್ಟು ಬಸ್ಸೊಂದರಲ್ಲಿ ಜಾಗ ಹಿಡಿದರು. ಬಸ್ರಾ, ಬಾಗ್ದಾದ್, ಅಲ್ಲಿಂದ ಪಶ್ಚಿಮಕ್ಕೆ ಮರುಭೂಮಿ. ಜೋರ್ಡಾನ್ ಗಡಿಯಲ್ಲಿ ಬಸ್ಸು ಎಲ್ಲರನ್ನೂ ಇಳಿಸಿತು. ಕಣ್ಣು ಹಾಯುವಷ್ಟು ದೂರ ಟೆಂಟುಗಳು.

"ಹಗಲು ಬೆಂಕಿ, ರಾತ್ರಿ ಚಳಿ. ನೀರಿನ ಟ್ಯಾಂಕರ್ ಬಂದರೆ ಜನ ಒಬ್ಬರ ಮೇಲೊಬ್ಬರು. ಒಂದು ರಾತ್ರಿ ಟೆಂಟಿನೊಳಗೆ ಚೇಳು ಬಂತು ಅಂತ ಹೊರಗೆ ಬಂದು ಮಲಗಿದೆ. ವಿಮಾನ ಯಾವಾಗ ಗೊತ್ತಿಲ್ಲ, ಮನೆಯಲ್ಲಿ ನಾನು ಬದುಕಿದ್ದೇನೆ ಅಂತ ಗೊತ್ತಿಲ್ಲ. ಒಂದೂವರೆ ತಿಂಗಳಿಂದ ಹೊಟ್ಟೆಯಲ್ಲಿ ಒಂದು ಕಲ್ಲು ಕೂತ ಹಾಗೆ ಹೆದರಿಕೆ. ಆಕಾಶ ನೋಡ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಆ ಕಲ್ಲು ಇಲ್ಲ. ಹೆದರಿಕೆ ಹೋಯಿತು ಅಂದರೂ ಸರಿಯಾಗುವುದಿಲ್ಲ ಮಗಾ, ಹೆದರುವವನೇ ಇರಲಿಲ್ಲ. ಆಚೆ ಟೆಂಟಿನಲ್ಲಿ ಒಂದು ಮಗು ಅಳ್ತಾ ಇತ್ತು. ಆ ಅಳು ನನ್ನ ಗಂಟಲಿಂದಲೇ ಬಂದ ಹಾಗಿತ್ತು. ಹತ್ತು ನಿಮಿಷವೋ ಅರ್ಧ ಗಂಟೆಯೋ. ಆಮೇಲೆ ನಿದ್ದೆ ಬಂತು."

ನರ್ಸ್ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಅವಳ ವೃತ್ತಿಯ ಪ್ರಶ್ನೆ. "ಅವತ್ತು ನೀರು ಎಷ್ಟು ಕುಡದಿದ್ರಿ? ನಿದ್ದಿ ಆಗಿತ್ತೇನು?"

"ನೀರು ಅರ್ಧ ಬಾಟಲಿ ಇರಬಹುದು. ನಿದ್ದೆ ಮೂರು ದಿನದಿಂದ ಸರಿ ಇರಲಿಲ್ಲ."

"ತಪ್ಪು ತಿಳೀಬ್ಯಾಡ್ರಿ. ನಮ್ಮ ಐಸಿಯುನೊಳಗ ಇದು ದಿನಾ ಐತಿ. ನಿದ್ದಿ ಇಲ್ಲ, ಜ್ವರ, ಔಷಧ, ಹಗಲು ರಾತ್ರಿ ಒಂದ ಥರ ಲೈಟು. ಡೆಲಿರಿಯಂ ಅಂತಾರ. ಸತ್ತುಹೋದ ಗಂಡ ಬಾಗಲದಾಗ ನಿಂತಾನ ಅಂತಾರ, ಗ್ವಾಡಿ ಮ್ಯಾಲ ನೀರು ಹರೀತೈತಿ ಅಂತಾರ. ಅವರಿಗೆ ಅದು ಸುಳ್ಳಲ್ಲ. ಅಗದಿ ಖರೇ. ನಾವು ಅವರ ಕೈ ಹಿಡಕೊಂಡು ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ ಅಂತ ಹೇಳಿ ಹೇಳಿ ಹೊಳ್ಳಿ ಕರಕೊಂಡು ಬರತೇವಿ."

ಹಿರಿಯರು ಇದನ್ನು ಕೇಳಿ ಮುನಿಸಿಕೊಳ್ಳಲಿಲ್ಲ. ಅವರ ಮಾತಿನ ತೂಕ ಇಲ್ಲೇ ಇತ್ತು. "ಇರಬಹುದು. ನೀರಿಲ್ಲದೆ ಹಾಗಾಯಿತು ಅಂತ ನೀನು ಹೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಕೇಳು, ದೇವರು ಬಂದ ಅಂತ ನಾನು ಹೇಳಿದೆನಾ? ನನ್ನನ್ನು ಉಳಿಸಿದ್ದು ವಿಮಾನ. ಅದರ ಪೈಲಟ್‌ಗಳು, ಅಮ್ಮಾನ್‌ನಲ್ಲಿ ಕಾಗದ ಬರೆದುಕೊಟ್ಟ ಗುಮಾಸ್ತರು. ನಾನು ಹೇಳುವುದು ಇಷ್ಟೇ: ಒಂದು ರಾತ್ರಿ ಸ್ವಲ್ಪ ಹೊತ್ತು ಹೆದರುವವನು ಇರಲಿಲ್ಲ."

ಆ ವಿಮಾನಗಳ ಲೆಕ್ಕ ದಾಖಲೆಯಲ್ಲಿದೆ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಆಗಸ್ಟ್‌ನಲ್ಲೇ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ, 59 ದಿನಗಳಲ್ಲಿ, ಅಮ್ಮಾನ್‌ನಿಂದ ಮುಂಬೈಗೆ ಏರ್ ಇಂಡಿಯಾ 488 ಬಾರಿ ಹಾರಿ 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನರನ್ನು ತಂದಿತು. ನಾಗರಿಕ ವಿಮಾನ ಸಂಸ್ಥೆಯೊಂದು ನಡೆಸಿದ ಅತಿ ದೊಡ್ಡ ತೆರವು ಎಂದು ಅದು ಗಿನ್ನೆಸ್ ದಾಖಲೆ ಸೇರಿದೆ. ಆ ಜನರಲ್ಲಿ ಎಷ್ಟೋ ಮಂದಿ ದಾರಿಯುದ್ದಕ್ಕೂ ದೇವರನ್ನು ಕರೆದಿದ್ದಾರು. ಕರೆಯದವರೂ ಅದೇ ವಿಮಾನದಲ್ಲಿ ಬಂದರು.

"ಊರಿಗೆ ಹೋದ ಮೇಲೆ?" ನರ್ಸ್ ಕೇಳಿದಳು.

ಅಲ್ಲಿಂದ ಕತೆ ಅವರ ಕೈತಪ್ಪಿತು. ತಾಯಿಗೆ ಆ ರಾತ್ರಿಯ ಬಗ್ಗೆ ಹೇಳಿದರು. ತಾಯಿ ಕೇಳಿದ್ದು ಒಂದೇ ಮಾತು: ಯಾವ ದಿನ? ಲೆಕ್ಕ ಹಾಕಿದಾಗ ಸಂಕ್ರಮಣದ ಆಸುಪಾಸು ಎಂದಾಯಿತು. ಆ ಸಂಕ್ರಮಣಕ್ಕೆ ಆಕೆ ಮನೆತನದ ಪಂಜುರ್ಲಿಗೆ ಕೋಲದ ಹರಕೆ ಹೇಳಿಕೊಂಡಿದ್ದರು. ಮುಗಿಯಿತು. ದೈವ ಮರುಭೂಮಿಗೆ ಹೋಗಿ ಮಗನ ತಲೆಯ ಬಳಿ ಕಾವಲು ನಿಂತಿತ್ತು ಎಂದು ಊರಿಡೀ ಮಾತಾಯಿತು. ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಬಂದ ಮಗ, ಸಾಲ ಮಾಡಿ ಕೋಲ ಕೊಟ್ಟರು. ಗಗ್ಗರ ಕಟ್ಟಿ, ಅಣಿ ಏರಿಸಿ ನಿಂತ ದೈವ ಎಲ್ಲರೆದುರು ನುಡಿ ಕೊಟ್ಟಿತು: ಕಾದದ್ದು ನಾನೇ.

"ನನಗೆ ಒಳಗೆ ಏನೋ ಕಿತ್ತ ಹಾಗಾಯಿತು. ಅದು ನನ್ನ ರಾತ್ರಿ. ಅಲ್ಲಿ ಪಂಜುರ್ಲಿ ಇರಲಿಲ್ಲ, ಯಾರೂ ಇರಲಿಲ್ಲ, ನಾನೇ ಇರಲಿಲ್ಲ. ಅದಕ್ಕೆ ಇವರೆಲ್ಲ ಹೆಸರು ಇಟ್ಟರು, ಮುಖ ಕೊಟ್ಟರು, ಸಾಲವೂ ಹೊರಿಸಿದರು. ಎರಡು ವರ್ಷ ಕಳೆದ ಮೇಲೆ ನನಗೇ ಸಂಶಯ. ನೆನಪು ಮಾಡಿಕೊಂಡರೆ ಟೆಂಟಿನ ಹತ್ತಿರ ಒಂದು ನೆರಳು ಕಂಡ ಹಾಗೆ ಆಗುತ್ತಿತ್ತು. ಆ ನೆರಳು ಮೊದಲು ಇರಲಿಲ್ಲ. ಅದು ಹೇಳಿ ಹೇಳಿ ಬಂದದ್ದು."

ಅನುಭವ ನಂಬಿಕೆಯಾಗುವಾಗ ನೆನಪೂ ಕದಲುತ್ತದೆ. ಯಾರೂ ಬೇಕೆಂದು ಸುಳ್ಳು ಹೇಳಿರುವುದಿಲ್ಲ. ಕೇಳುವವರಿಗೆ ಬೇಕಾದ ಜಾಗದಲ್ಲಿ ಕತೆ ತಾನಾಗಿ ಬೆಳೆಯುತ್ತದೆ, ಹೇಳಿದವನೂ ಕೊನೆಗೆ ಬೆಳೆದದ್ದನ್ನೇ ನೆನಪೆಂದು ಕಾಣತೊಡಗುತ್ತಾನೆ. ಒಂದು ನೆರಳನ್ನು ಗುರುತಿಸಿ ಅದನ್ನು ತೆಗೆದಿಟ್ಟ ಈ ಮನುಷ್ಯನ ಪ್ರಾಮಾಣಿಕತೆ ಸುಲಭದ್ದಲ್ಲ.

ನರ್ಸ್ ಮಾತ್ರ ಇಷ್ಟಕ್ಕೆ ಒಪ್ಪಲಿಲ್ಲ.

"ಕಾಕಾ, ನಿಮ್ಮ ಅವ್ವನ ಕಡೆಯಿಂದ ನೋಡ್ರಿ. ನಿಮಗ ಆ ರಾತ್ರಿ ಇತ್ತು. ಅಕಿಗೆ ಏನಿತ್ತು? ಫೋನಿಲ್ಲ, ಪತ್ರಿಲ್ಲ. ರೇಡಿಯೋದಾಗ ಯುದ್ಧ. ಮಗ ಅದಾನೋ ಇಲ್ಲೋ ತಿಳೀದನ ಒಲಿ ಹಚ್ಚಬೇಕು, ಉಣ್ಣಬೇಕು, ಮಲಗಬೇಕು. ಮರುಭೂಮಿಯೊಳಗ ಇದ್ದಾವಗ ಅನುಭವ ಆಗತೈತಿ. ಮನಿಯೊಳಗ ಕಾಯಾಕಿ ಏನು ಮಾಡಬೇಕ್ರಿ? ಅಕಿಗೆ ಹಿಡಕೊಳ್ಳಾಕ ಪಂಜುರ್ಲಿ ಇತ್ತು. ಅದನ್ನೂ ನೀವು ಕಸಗೊಂಡ್ರ?"

ಹಿರಿಯರು ಲೋಟ ಕೆಳಗಿಟ್ಟರು. ಕಡಲ ಕಡೆ ನೋಡಿದರು. "ಇದನ್ನು ಯಾರೂ ನನಗೆ ಹೀಗೆ ಹೇಳಿರಲಿಲ್ಲ" ಎಂದರು.

ಕೊಲ್ಲಿಗೆ ಮಕ್ಕಳನ್ನು ಕಳಿಸಿದ ಮನೆಗಳಿಗೆ ಇದು ಹೊಸ ವಿಷಯವೇನಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅನುಭವ ಒಂದು ದೇಶದಲ್ಲಿ, ನಂಬಿಕೆ ಇನ್ನೊಂದು ದೇಶದಲ್ಲಿ. ಮಗ ಇಲ್ಲಿ ಬಿಸಿಲಿನಲ್ಲಿ ಕೆಲಸ ಮಾಡುತ್ತಾನೆ, ತಾಯಿ ಅಲ್ಲಿ ಹೂ ಏರಿಸುತ್ತಾಳೆ. ಕುವೈತ್‌ನಲ್ಲಿ ಹಿಂದೂಗಳಿಗೆ ಸಾರ್ವಜನಿಕ ದೇವಸ್ಥಾನವಿಲ್ಲ. ಫ್ಲ್ಯಾಟಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಭಜನೆ ನಡೆಯುತ್ತದೆ. ಮಂಗಳೂರಿನ ಕ್ರೈಸ್ತರಿಗೆ ನಗರದಲ್ಲಿ ಹೋಲಿ ಫ್ಯಾಮಿಲಿ ಕೆಥೆಡ್ರಲ್ ಇದೆ, ಅಹ್ಮದಿಯಲ್ಲಿ ಇಗರ್ಜಿಯಿದೆ. ರಜೆ ಶುಕ್ರವಾರವಾದ್ದರಿಂದ ಬಲಿಪೂಜೆಗೆ ಜನ ಶುಕ್ರವಾರವೂ ಸೇರುತ್ತಾರೆ. ಬ್ಯಾರಿ ಮುಸ್ಲಿಮರಿಗೆ ಮಸೀದಿ ಎಲ್ಲೆಲ್ಲೂ ಇದೆ, ಊರಿನ ಉರೂಸ್ ಮಾತ್ರ ಇಲ್ಲ. ತೇರು, ಕೋಲ, ಇಗರ್ಜಿಯ ಸಾಂತ್‌ಮಾರಿ, ಉರೂಸ್ ಎಲ್ಲವೂ ಸಮುದ್ರದಾಚೆ. ಜಾತ್ರೆಯ ಗದ್ದಲವಿಲ್ಲದೆ ಉಳಿಯುವುದೇನು ಎಂದು ಒಬ್ಬೊಬ್ಬರೂ ಕೋಣೆಯಲ್ಲಿ ಕೂತು ಕಂಡುಕೊಳ್ಳಬೇಕಾದ ಊರು ಇದು.

"ಕೋಲ ಕಟ್ಟಿದವರ ವಿಷಯ ಹೇಳಲಿಕ್ಕುಂಟು" ಎಂದು ಹಿರಿಯರು ಮತ್ತೆ ಶುರುಮಾಡಿದರು. "ಮರುದಿನ ಬೆಳಿಗ್ಗೆ ಅವರು ಮುಖದ ಅರದಾಳ ತೊಳೆಯುತ್ತಾ ಇದ್ದರು. ನಾನು ಹತ್ತಿರ ಹೋಗಿ ಕೇಳಿದೆ, ನಿನ್ನೆ ನೀವು ಹೇಳಿದ್ದು ನಿಮಗೆ ನೆನಪುಂಟಾ ಅಂತ. ಅವರು ಹೇಳಿದರು, ಎಣ್ಣೆಬೂಳ್ಯ ತಗೊಂಡ ಮೇಲೆ ಈ ದೇಹ ನನ್ನದಲ್ಲ, ನನ್ನಲ್ಲಿ ಕೇಳಬೇಡಿ ಅಂತ. ಆಮೇಲೆ ತುಸು ಹೊತ್ತು ಬಿಟ್ಟು, ಮರುಭೂಮಿಯಲ್ಲಿ ನಿಮಗೆ ಏನಾಯಿತು ಅಂತ ಅವರೇ ಕೇಳಿದರು. ನಾನು ಹೇಳಿದೆ. ಅವರು ತಲೆ ಆಡಿಸಿದರು. ಊರಲ್ಲಿ ಮಾತು ಬೆಳೆಸದೆ ಕೇಳಿದವರು ಅವರೊಬ್ಬರೇ."

"ಅವರಿಗೆ ಗೊತ್ತಿತ್ತೇನೋ."

"ಗೊತ್ತಿತ್ತು ಅಂತ ಕಾಣುತ್ತದೆ. ಆದರೆ ನೋಡು, ರಾತ್ರಿ ಅವರ ಎದುರು ಗುತ್ತಿನ ಮನೆಯ ದೊಡ್ಡವರು ಕೈಮುಗಿದು ನಿಂತಿದ್ದರು. ಬೆಳಿಗ್ಗೆ ಅವರು ಅಂಗಳದ ಆಚೆ ನಿಂತು ಸಂಭಾವನೆ ತಗೊಂಡರು."

ನಲಿಕೆ, ಪರವ, ಪಂಬದ ಸಮುದಾಯಗಳ ಈ ಕಲಾವಿದರ ಮೈಮೇಲೆ ಬರುವುದೇನು ಎಂಬುದನ್ನು ಹೊರಗಿನವರು ತೀರ್ಮಾನಿಸಲಾರರು. ಆದರೆ ಅನುಭವ ಒಬ್ಬರದು, ಅದರಿಂದ ಬರುವ ಮಾನ ಇನ್ನೊಬ್ಬರದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ. ದೈವದ ನುಡಿಯನ್ನು ನಂಬಿದ ಮನೆಗಳು ನುಡಿದ ಮನುಷ್ಯನನ್ನು ತಲೆಮಾರುಗಳ ಕಾಲ ಹೊಸ್ತಿಲೊಳಗೆ ಕರೆಯಲಿಲ್ಲ. 2022ರಲ್ಲಿ 'ಕಾಂತಾರ' ಚಿತ್ರ ಬಂದ ಬೆನ್ನಿಗೆ ಕರ್ನಾಟಕ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2 ಸಾವಿರ ರೂಪಾಯಿ ಮಾಸಾಶನ ಘೋಷಿಸಿತು. ಅಷ್ಟು ತಡವಾಗಿ, ಅಷ್ಟು ಕಡಿಮೆ.

ಮಧ್ಯಾಹ್ನ ಊಟದ ಪೊಟ್ಟಣಗಳು ಬಂದವು. ಹಿರಿಯರಿಗೆ ಗ್ಯಾರೇಜಿನ ಈಜಿಪ್ಟ್ ಗೆಳೆಯನೊಬ್ಬ ಹಿಂದೆ ಹೇಳಿದ್ದೊಂದು ನೆನಪಾಯಿತು. ಬಸ್ಸು ಬಾಗ್ದಾದ್ ದಾಟುವಾಗ ಪಕ್ಕದಲ್ಲಿ ಕೂತಿದ್ದವನೂ ಅವನೇ. ಅಲ್ ಗಝಾಲಿ ಎಂಬ ದೊಡ್ಡ ವಿದ್ವಾಂಸ ಅದೇ ಊರಿನ ನಿಜಾಮಿಯಾ ವಿದ್ಯಾಪೀಠದಲ್ಲಿ ಪಾಠ ಹೇಳುತ್ತಿದ್ದ. 1095ರಲ್ಲಿ ಒಂದು ದಿನ ನಾಲಗೆ ಹೊರಳದಾಯಿತು, ಅನ್ನ ಇಳಿಯದಾಯಿತು. ವೈದ್ಯರು ಕೈಚೆಲ್ಲಿದರು. ಧರ್ಮದ ಬಗ್ಗೆ ತನಗೆ ಎಲ್ಲ ಗೊತ್ತು, ಆದರೆ ಯಾವುದರ ರುಚಿಯೂ ಇಲ್ಲ ಎಂಬುದು ಅವನನ್ನು ಕಾಡಿತ್ತು. ಹುದ್ದೆ ಬಿಟ್ಟು ಹೊರಟ. ಆತ ಬರೆದಿಟ್ಟ ಆತ್ಮಕಥನದಲ್ಲಿ ಈ ರುಚಿಗೆ ಝೌಕ್ ಎನ್ನುತ್ತಾನೆ. ಆರೋಗ್ಯವೆಂದರೇನು ಎಂದು ವಿವರಿಸಬಲ್ಲವನೂ ಆರೋಗ್ಯವಾಗಿರುವವನೂ ಒಂದೇ ಅಲ್ಲ ಎಂಬುದು ಅವನ ವಾದ.

"ನಮ್ಮಲ್ಲೂ ಐತ್ರಿ" ಎಂದಳು ನರ್ಸ್. "ಕಲ್ಯಾಣದಾಗ ಶರಣರು ಕಟ್ಟಿದ್ದು ಅನುಭವ ಮಂಟಪ, ನಂಬಿಕಿ ಮಂಟಪ ಅಲ್ಲ. ಅನುಭವ ಬ್ಯಾರೆ, ಅನುಭಾವ ಬ್ಯಾರೆ ಅಂತ ನಮ್ಮ ಮಾಸ್ತರರು ಹೇಳತಿದ್ರು. ಒಂದು ದೀರ್ಘ ಹೆಚ್ಚಿಗಿ ಬಂದ್ರ ಅರ್ಥಾನ ಬದಲಿ."

"ನಿನಗೆ ಅನುಭಾವ ಆಗಿದೆಯಾ?"

"ಇಲ್ರಿ" ಎಂದಳು ಅವಳು. ದನಿಯಲ್ಲಿ ನಾಚಿಕೆಯಿರಲಿಲ್ಲ. "ಒಮ್ಮೆನೂ ಇಲ್ಲ. ಸಣ್ಣಾಕಿ ಇದ್ದಾಗ ಅಯ್ಯನೋರು ಕೊರಳಿಗೆ ಇಷ್ಟಲಿಂಗ ಕಟ್ಯಾರ. ಇಲ್ಲೆ ನಸುಕಿನ್ಯಾಗ ನಾಲ್ಕೂವರಿಗೆ ಎದ್ದು, ಆಸ್ಪತ್ರಿ ಬಸ್ಸು ಬರೋದ್ರಾಗ ಜಳಕ ಮಾಡಿ, ಅಂಗೈಯಾಗ ಇಟಗೊಂಡು ಕುಂದರತೇನಿ. ಹತ್ತು ನಿಮಿಷ. ಏನೂ ಕಾಣಂಗಿಲ್ಲ. ಬೆಳಕಿಲ್ಲ, ನಾದ ಇಲ್ಲ. ಒಮ್ಮೊಮ್ಮೆ ಬಸ್ಸಿಂದ ಚಿಂತಿ. ಗುಡಿ ಇಲ್ಲದ ಊರಾಗ ನನಗ ಗುಡಿ ಬೇಕಂತ ಅನಿಸಿಲ್ಲ, ಅಂಗೈಯಾಗ ಐತಲ್ಲ."

"ಏನೂ ಆಗದಿದ್ದರೆ ಯಾಕೆ ಮಾಡುವುದು?"

"ಅಮ್ಮ ಮಾಡತಿದ್ಲು, ಅಮ್ಮನ ಅವ್ವ ಮಾಡತಿದ್ಲು. ಅಷ್ಟ ಅಂತ ತಿಳದಿದ್ದೆ. ಈಗ ಬ್ಯಾರೆ ಒಂದು ಅನಸ್ತೈತಿ. ಐಸಿಯುನಾಗ ತಾಸಿಗೊಮ್ಮೆ ನಾಡಿ, ಬಿಪಿ, ಉಸಿರು ಬರೀತೇವಿ. ಒಂದು ತಾಸಿನ ಅಂಕಿ ನೋಡಿದ್ರ ಏನೂ ತಿಳಿಯಂಗಿಲ್ಲ. ಮೂರು ದಿನದ್ದು ಕೂಡಿಸಿ ನೋಡಿದ್ರ ಪೇಶಂಟ್ ಯಾವ ಕಡೆ ಹೊಂಟಾನ ಅಂತ ಕಾಣತೈತಿ. ನಿಮಗ ಒಂದು ರಾತ್ರಿಯಾಗ ಆಗಿದ್ದು ನನಗ ಹನ್ನೊಂದು ವರ್ಷದಾಗ ಹನಿ ಹನಿ ಆಗಾಕತ್ತಿರಬೇಕು. ಆಗದನೂ ಇರಬಹುದು. ನಂಬಿ ಕುಂದರೋದು ಅನುಭವ ಅಲ್ಲ ಅಂತ ಯಾರು ಅಂದ್ರಿ?"

ಹಿರಿಯರು ಇದಕ್ಕೆ ಸುಲಭದಲ್ಲಿ ಸೋಲಲಿಲ್ಲ. ದಿನಾ ಮಾಡಿದ್ದಕ್ಕೆಲ್ಲ ಬೆಲೆ ಬರುವುದಾದರೆ ಬೀಡಿ ಸೇದುವವನಿಗೂ ಬರಬೇಕು ಎಂದರು. ಅಭ್ಯಾಸಕ್ಕೂ ಶ್ರದ್ಧೆಗೂ ನಡುವಿನ ಗೆರೆ ಎಲ್ಲಿ? ಅವಳು ಸ್ವಲ್ಪ ಯೋಚಿಸಿ, ಬೀಡಿ ಬಿಟ್ಟರೆ ಕೈ ನಡುಗುತ್ತದೆ, ಪೂಜೆ ತಪ್ಪಿದ ದಿನ ತನಗೆ ಕೈ ನಡುಗುವುದಿಲ್ಲ, ಆದರೆ ಆ ದಿನ ರೋಗಿಗಳ ಮೇಲೆ ದನಿ ಏರುತ್ತದೆ ಎಂದಳು. ಇದನ್ನು ಅವಳು ಗಮನಿಸಿ ನೋಡಿದ್ದಾಳೆ. ಗೆರೆಯನ್ನು ತನ್ನೊಳಗಿನ ಹಿಗ್ಗಿನಲ್ಲಿ ಹುಡುಕದೆ ಎದುರಿಗಿರುವವರ ಮೇಲಾದ ಪರಿಣಾಮದಲ್ಲಿ ಹುಡುಕಿದ್ದು ಅವಳ ಮಾತಿನ ಸತ್ವ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1901-02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳೂ ಇದೇ ಕಡೆ ಬೊಟ್ಟು ಮಾಡಿದ್ದವು. ಧಾರ್ಮಿಕ ಅನುಭವಗಳ ಬಗೆಗಳನ್ನು ಕುರಿತ ಆ ಪುಸ್ತಕದಲ್ಲಿ ಅವರು ಎರಡು ಮಾತು ಹೇಳುತ್ತಾರೆ: ಇಂಥ ಅನುಭವ ಆದವನಿಗೆ ಅದು ಪ್ರಮಾಣ, ಅದನ್ನು ಅವನಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ, ಹೊರಗೆ ನಿಂತವನಿಗೆ ಅದನ್ನು ಪ್ರಶ್ನಿಸದೆ ಒಪ್ಪುವ ಬಾಧ್ಯತೆಯೂ ಇಲ್ಲ. ಬೇರನ್ನು ನೋಡಿ ಅಳೆಯಬೇಡಿ, ಫಲವನ್ನು ನೋಡಿ ಎಂಬುದು ಅವರ ಒರೆಗಲ್ಲು.

"ಹಾಗಾದರೆ ನಾನು ಫೇಲ್" ಎಂದರು ಹಿರಿಯರು ಗಂಭೀರವಾಗಿಯೇ. "ಆ ರಾತ್ರಿ ಆದ ಮೇಲೂ ನಾನು ಸಿಟ್ಟಿನ ಮನುಷ್ಯನೇ. ಮಕ್ಕಳನ್ನು ಕೇಳಿದರೆ ಹೇಳುತ್ತಾರೆ. ಒಂದೇ ಒಂದು ಬದಲಾವಣೆ, ಅಳುವ ಮಗು ಯಾರದ್ದಾದರೂ ಸರಿ, ನನಗೆ ಸುಮ್ಮನೆ ದಾಟಿ ಹೋಗಲಿಕ್ಕೆ ಆಗುವುದಿಲ್ಲ."

ಇಷ್ಟೆಲ್ಲ ಆದ ಮೇಲೆ ನರ್ಸ್ ಮಂಗಫ್‌ನ ಮಾತು ತೆಗೆದಳು. ಅದು ಬರಲೇಬೇಕಿತ್ತು.

2024ರ ಜೂನ್ 12ರ ನಸುಕಿನಲ್ಲಿ ಮಂಗಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಹೆಚ್ಚಿನವರು ಮಲಗಿದ್ದಲ್ಲೇ, ಹೊಗೆಯಲ್ಲಿ ಉಸಿರುಕಟ್ಟಿ ಹೋದರು. ಸತ್ತವರು ಐವತ್ತರಷ್ಟು. ಎರಡು ದಿನದ ಬಳಿಕ ವಾಯುಪಡೆಯ ವಿಮಾನ 45 ಭಾರತೀಯರ ಶವಗಳನ್ನು ಕೊಚ್ಚಿಗೆ ತಂದಿತು. ಕೇರಳದವರೇ ಹೆಚ್ಚು, ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು.

"ಅವತ್ತು ನನ್ನ ಡ್ಯೂಟಿ ಇತ್ತು" ಎಂದಳು. ಅದಕ್ಕಿಂತ ಹೆಚ್ಚು ವಿವರಕ್ಕೆ ಹೋಗಲಿಲ್ಲ. "ವಾರ ಆದ ಮ್ಯಾಲ ನಮ್ಮ ಮಂದಿಯೊಳಗ ಮಾತು. ಆ ಏರಿಯಾದವರು ಯಾರೋ ಅಂದ್ರು, ನಾನು ಮುಂಜಾನೆ ಪ್ರಾರ್ಥನಾ ಮಾಡತೇನಿ, ಅದಕ್ಕ ನಮ್ಮ ಬಿಲ್ಡಿಂಗಿಗೆ ಏನೂ ಆಗಲಿಲ್ಲ ಅಂತ. ನನ್ನ ಮೈ ಉರೀತು ಕಾಕಾ. ಸತ್ತವರು ಪ್ರಾರ್ಥನಾ ಮಾಡತಿದ್ದಿಲ್ಲೇನು? ಅವರ ದಿಂಬಿನ ಬುಡಕ ಜಪಮಾಲಿ ಇದ್ದಿಲ್ಲೇನು?"

"ಅದೇ. ಅದಕ್ಕೇ ನಾನು ಹೇಳುವುದನ್ನು ಬಿಟ್ಟದ್ದು" ಎಂದರು ಹಿರಿಯರು. "ಟೆಂಟಿನ ಸಾಲಿನಲ್ಲಿ ಒಬ್ಬರು ತೀರಿಕೊಂಡರು, ನಮ್ಮದೇ ಬಸ್ಸಿನವರು. ಅವರ ಮನೆಗೆ ನಾನೇ ಸುದ್ದಿ ಹೇಳಲಿಕ್ಕೆ ಹೋದೆ. ಹೆಂಡತಿ ಕೇಳಿದರು, ನಿಮ್ಮನ್ನು ಪಂಜುರ್ಲಿ ಕಾದನಂತೆ ಹೌದಾ ಅಂತ. ಏನು ಉತ್ತರ ಕೊಡಲಿ?"

ಎದುರಿಗೆ ಕೂತವರ ನೋವು ಕಾಣದೆ ಹೇಳಿದ ಸಾಕ್ಷ್ಯ ಕ್ರೌರ್ಯವಾಗುತ್ತದೆ. ಬದುಕಿ ಉಳಿದವನ ಕೃತಜ್ಞತೆ ಸಹಜ, ಅದಕ್ಕೆ ಯಾರ ಆಕ್ಷೇಪವೂ ಬೇಡ. ಅದನ್ನು ಲೋಕದ ನಿಯಮವೆಂದು ಹೇಳಿದ ಕೂಡಲೇ ಸತ್ತವನ ಹೆಂಡತಿ ಅಪರಾಧಿಯ ಜಾಗದಲ್ಲಿ ನಿಲ್ಲುತ್ತಾಳೆ. ಇಬ್ಬರೂ ಸಂಪೂರ್ಣವಾಗಿ ಒಪ್ಪಿದ್ದು ಆ ಇಡೀ ದಿನದಲ್ಲಿ ಇದೊಂದನ್ನೇ.

ಮಾತು ಹೀಗೆ ಪರೀಕ್ಷೆಯ ಕಡೆ ಹೊರಳಿದಾಗ ನರ್ಸ್ ಎಚ್. ನರಸಿಂಹಯ್ಯನವರ ಹೆಸರೆತ್ತಿದಳು. ಅವರ ಆತ್ಮಕಥೆ 'ಹೋರಾಟದ ಹಾದಿ'ಯನ್ನು ಹಾಸ್ಟೆಲಿನಲ್ಲಿ ಓದಿದ್ದಳು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಸಮಿತಿಯ ಎದುರು ಪವಾಡ ತೋರುವಂತೆ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಬಾಬಾ ಒಪ್ಪಲಿಲ್ಲ.

"ಅವರು ಪರೀಕ್ಷೆ ಮಾಡಲಿಕ್ಕೆ ಹೊರಟದ್ದು ಬೂದಿಯನ್ನು, ಉಂಗುರವನ್ನು" ಎಂದರು ಹಿರಿಯರು. "ಅದು ಸರಿಯೇ. ಕೈಯಲ್ಲಿ ಹಿಡಿಯುವ ವಸ್ತು ತೋರಿಸುವವನು ಕೈ ತೋರಿಸಲಿಕ್ಕೂ ತಯಾರಿರಬೇಕು. ಆದರೆ ಬಾಬಾನ ಫೋಟೋ ನೋಡಿ ಅಳು ನಿಲ್ಲಿಸಿದ ಹೆಂಗಸಿನ ಸಮಾಧಾನವನ್ನು ಯಾವ ಸಮಿತಿ ಪರೀಕ್ಷೆ ಮಾಡುತ್ತದೆ?"

"ಮಾಡಬಾರದೂ ಹೌದು. ಆದ್ರ ಆ ಸಮಾಧಾನ ತೋರಿಸಿ ಬೂದಿ ಖರೇ ಅಂತ ವಾದ ಮಾಡಬಾರದು."

ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಹಿರಿಯರಿಗೆ ಪ್ರಿಯವಾದ ಕಾದಂಬರಿ. 1968ರದ್ದು, ಅದಕ್ಕೆ ಜ್ಞಾನಪೀಠ ಬಂದದ್ದು 1977ರಲ್ಲಿ. ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನದೆಲ್ಲ ಕಾಣುವ ಆ ಅಜ್ಜಿ ಮಠ ಕಟ್ಟುವುದಿಲ್ಲ, ಭಕ್ತರನ್ನು ಸೇರಿಸುವುದಿಲ್ಲ, ದೇವರುಗಳ ಬಗ್ಗೆಯೇ ಒರಟಾಗಿ ಪ್ರಶ್ನೆ ಕೇಳುತ್ತಾಳೆ. ತನಗೆ ಕಂಡದ್ದನ್ನು ಮೊಮ್ಮಗ ಸುಬ್ಬರಾಯನ ಎದುರು ಬಿಚ್ಚಿಡುತ್ತಾಳೆ. ನಂಬಿಸುವ ಹಟವಿಲ್ಲದೆ ಅನುಭವ ಹೇಳುವುದು ಹೇಗೆ ಎಂದು ತಾನು ಕಲಿತದ್ದು ಆ ಅಜ್ಜಿಯಿಂದ ಎಂದರು ಅವರು.

ಮೂರು ಗಂಟೆಗೆ ಎಲ್ಲರೂ ಎದ್ದರು. ಬೋಟಿಗೆ ಹೋಗುವ ಮೊದಲು ಖಿದ್ರ್ ಇದ್ದ ಜಾಗವನ್ನು ನೋಡಬೇಕೆಂದು ನರ್ಸ್ ಹಟ ಹಿಡಿದಳು. ಕೆಡವಿದ ಗುಡಿಯ ಕುರುಹು ಅವಳ ಕಣ್ಣಿಗೆ ಬೀಳಲಿಲ್ಲ. ಆ ಹೆಸರಿನ ದಿಬ್ಬದಲ್ಲಿ ಸ್ಲೊವಾಕಿಯಾದ ತಜ್ಞರು ಕುವೈತ್‌ನವರ ಜೊತೆಗೂಡಿ ಅಗೆದು ದಿಲ್ಮುನ್ ಕಾಲದ ವಸತಿಯನ್ನು ತೆರೆದಿದ್ದಾರೆ. ಹರಕೆಯ ಜಾಗದ ಪಕ್ಕದಲ್ಲೇ ಇನ್ನೂ ಹಳೆಯ ಊರು.

ಕುರಾನಿನ ಹದಿನೆಂಟನೆಯ ಅಧ್ಯಾಯದಲ್ಲಿ ಮೂಸಾ ಪ್ರವಾದಿಯ ಜೊತೆ ಪಯಣಿಸುವ ಹೆಸರಿಲ್ಲದ ಜ್ಞಾನಿಯೊಬ್ಬ ಬರುತ್ತಾನೆ. ಅವನೇ ಖಿದ್ರ್ ಎಂಬುದು ಸಂಪ್ರದಾಯ. ಆತ ಬಡವರ ದೋಣಿಗೆ ತೂತು ಕೊರೆಯುತ್ತಾನೆ. ಮೂಸಾಗೆ ತಡೆಯಲಾಗುವುದಿಲ್ಲ, ಪ್ರಶ್ನಿಸುತ್ತಾರೆ. ಮುಂದೆ ಒಳ್ಳೆಯ ದೋಣಿಗಳನ್ನೆಲ್ಲ ಕಸಿಯುವ ರಾಜನಿದ್ದ, ಹಾಳಾದ ದೋಣಿ ಅವನಿಗೆ ಬೇಡವಾಗಿ ಬಡವರಿಗೆ ಉಳಿಯಿತು ಎಂದು ಕೊನೆಗೆ ತಿಳಿಯುತ್ತದೆ. ಹಿರಿಯರು ಈ ಕತೆಯನ್ನೂ ಆ ಈಜಿಪ್ಟ್ ಗೆಳೆಯನಿಂದಲೇ ಕೇಳಿದ್ದರು.

"ಕಂಡವನು ಒಬ್ಬ, ದೋಣಿ ಇನ್ನೊಬ್ಬರದು" ಎಂದಳು ನರ್ಸ್. "ಮೂಸಾ ಕೇಳಿದ್ದು ತಪ್ಪಲ್ರಿ. ನಾನಾಗಿದ್ರೂ ಕೇಳತಿದ್ದೆ."

"ನಾನೂ."

ಹಿರಿಯರು ಜೇಬಿನಿಂದ ಫೋನ್ ತೆಗೆದು ಒಂದು ಚಿತ್ರ ತೋರಿಸಿದರು. ಹಳೆಯ ಪಾಸ್‌ಪೋರ್ಟಿನ ಪುಟ, ಜೋರ್ಡಾನ್‌ನ ಮುದ್ರೆ, ಅರಬ್ಬೀ ಅಂಕಿಯಲ್ಲಿ ಮಸುಕಾದ ತಾರೀಕು. ತಾಯಿ ತೀರಿಕೊಂಡಾಗ ಅವರ ಟ್ರಂಕಿನಲ್ಲಿ ಸಿಕ್ಕಿತ್ತು. ಹೊಸ ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಎಲ್ಲಿ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ. ಆ ಪುಟಕ್ಕೆ ತಾಯಿ ಗಂಧ ಹಚ್ಚಿದ್ದರು. ಮುದ್ರೆಯ ಒಂದು ಅಂಚು ಅದರಲ್ಲಿ ಮುಚ್ಚಿಹೋಗಿದೆ.

"ಇದನ್ನು ಒರೆಸಿದರೆ ತಾರೀಕು ಸರಿಯಾಗಿ ಓದಬಹುದು" ಎಂದರು. "ಸಂಕ್ರಮಣ ಹೌದೋ ಅಲ್ಲವೋ ಅಂತ ಗೊತ್ತಾಗುತ್ತದೆ."

"ಒರಸಿದ್ರೇನು?"

"ಇಲ್ಲ."

ಸಿವಿಲ್ ಐಡಿಯ ಹುಡುಗ ದಡದಿಂದ ಕೂಗಿದ, ಬೋಟು ಹೊರಡುತ್ತದೆ ಎಂದು. ನರ್ಸಿಗೆ ಅಂದು ನೈಟ್ ಡ್ಯೂಟಿ. ಅವಳು ಫ್ಲಾಸ್ಕಿನಲ್ಲಿ ಉಳಿದ ಚಹಾ ಚೆಲ್ಲಿ, ಅದನ್ನು ಚೀಲಕ್ಕೆ ಹಾಕಿಕೊಂಡು, ಹಿರಿಯರ ಕೈ ಹಿಡಿದು ದಿಬ್ಬ ಇಳಿಸಿದಳು.